ಎಲ್ಲರೂ ‘ಎಂತ ತೊಂದರೆ ಇಲ್ಲ’ ಅಂತಾರೆ, ಸಂದರ್ಶನ ನಂಬಿ ಪ್ರಬಂಧ ಬರೆಯಬಹುದಾ?

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರದವಳು. ಸಮಾಜಶಾಸ್ತ್ರ ಎಂ.ಎ. ಕೊನೆಯ ವರ್ಷ. ಬೀಡಿ ಕಟ್ಟುವ ಹೆಂಗಸರ ಬದುಕು, ಅವರ ಹೆಣ್ಣುಮಕ್ಕಳು ಈಗ ಯಾವ ಕೆಲಸಕ್ಕೆ ಹೋಗುತ್ತಿದ್ದಾರೆ ಅನ್ನುವುದು ಪ್ರಬಂಧದ ವಿಷಯ. ಇಲ್ಲಿಯವರೆಗೆ ಒಂಬತ್ತು ಜನರನ್ನು ಮಾತಾಡಿಸಿದೆ. ಎಲ್ಲರದ್ದೂ ಒಂದೇ ಉತ್ತರ: ‘ಎಂತ ತೊಂದರೆ ಇಲ್ಲ, ಹೀಗೇ ಹೋಗ್ತದೆ.’ ಒಂದು ಮನೆಯಲ್ಲಿ ಅತ್ತೆ ಪಕ್ಕದಲ್ಲೇ ಕೂತಿದ್ದರು. ಇನ್ನೊಂದು ಕಡೆ ಗಂಡನೇ ಉತ್ತರ ಕೊಟ್ಟರು. ಇಬ್ಬರು ರೆಕಾರ್ಡ್ ಮಾಡಬೇಡಿ ಅಂದರು. ಒಬ್ಬರು ಕೊನೆಗೆ ‘ಇದರಿಂದ ನನ್ನ ಪೆನ್ಶನ್ ಬೇಗ ಆಗ್ತದಾ’ ಅಂತ ಕೇಳಿದರು, ಏನು ಹೇಳಬೇಕೋ ಗೊತ್ತಾಗಲಿಲ್ಲ. ಮಾತೆಲ್ಲ ತುಳು, ಒಬ್ಬಿಬ್ಬರದ್ದು ಮಲಯಾಳ. ಪ್ರಬಂಧ ಇಂಗ್ಲಿಷಿನಲ್ಲಿ ಬರೆಯಬೇಕು. ಗೈಡ್ ಒಂಬತ್ತು ಸಾಲದು, ನೂರು ಜನರಿಗೆ ಪ್ರಶ್ನಾವಳಿ ಕೊಡು ಅನ್ನುತ್ತಾರೆ. ಎಕನಾಮಿಕ್ಸ್ ಓದುವ ಗೆಳತಿ ಸಂದರ್ಶನ ಅಂದರೆ ಬರೀ ಕತೆ, ಅದು ಸಂಶೋಧನೆಯೇ ಅಲ್ಲ ಅನ್ನುತ್ತಾಳೆ. ಮೂರು ತಿಂಗಳು ಉಳಿದಿದೆ. ನನ್ನ ಪ್ರಶ್ನೆಗಳ ಪಟ್ಟಿಯನ್ನೂ ಕಳಿಸಿದ್ದೇನೆ. ಏನು ಮಾಡಲಿ?

ಉತ್ತರ: ನೀವು ಕೇಳಿದ್ದು ಐದಾರು ವಿಷಯ, ಆದರೆ ಹೆದರಿಕೆ ಒಂದೇ ಅನಿಸುತ್ತದೆ. ಇವರು ನನಗೆ ನಿಜ ಹೇಳಿಲ್ಲ, ಹಾಗಾಗಿ ಇಷ್ಟು ದಿನದ ಓಡಾಟ ದಂಡ ಆಯಿತು ಅಂತ. ದಂಡ ಆಗಿಲ್ಲ. ಅವರು ಸುಳ್ಳೂ ಹೇಳಿಲ್ಲ. ಕೈಯಲ್ಲಿ ಫೋನು, ಪೇಪರು ಹಿಡಿದು ಮೊದಲ ಸಲ ಮನೆಗೆ ಬಂದ ಓದಿದ ಹುಡುಗಿಗೆ, ಅದೂ ಅತ್ತೆಯ ಎದುರು, ಏನು ಹೇಳಬಹುದೋ ಅದನ್ನು ಹೇಳಿದ್ದಾರೆ. ನಿಮ್ಮ ಅಮ್ಮನ ಹತ್ತಿರ ಯಾರಾದರೂ ಹೀಗೆ ಬಂದು ‘ನಿಮ್ಮ ಸಮಸ್ಯೆಗಳೇನು’ ಅಂತ ಕೇಳಿದ್ದರೆ ಅವರೂ ಇದನ್ನೇ ಹೇಳುತ್ತಿದ್ದರು, ಅಲ್ವಾ?

ಸಂದರ್ಶನದ ಬಗ್ಗೆ ಒಂದು ತಪ್ಪು ಕಲ್ಪನೆ ಬಹಳ ಗಟ್ಟಿಯಾಗಿ ಕೂತಿದೆ. ಉತ್ತರ ಎದುರಿನವರ ಒಳಗೆ ಮೊದಲೇ ತಯಾರಿರುತ್ತದೆ, ಎಳನೀರು ಕೆತ್ತಿ ಲೋಟಕ್ಕೆ ಬಗ್ಗಿಸಿದ ಹಾಗೆ ನಾವು ತೆಗೆದುಕೊಂಡು ಬಂದರೆ ಆಯಿತು ಅಂತ. ಹಾಗೆ ನಡೆಯುವುದಿಲ್ಲ. ಉತ್ತರ ಆ ಜಗಲಿಯಲ್ಲಿ, ಆ ಹೊತ್ತಿನಲ್ಲಿ, ನೀವು ಯಾರು ಅಂತ ಅವರು ಅಂದುಕೊಂಡಿದ್ದಾರೋ ಅದಕ್ಕೆ ತಕ್ಕ ಹಾಗೆ ಹುಟ್ಟುತ್ತದೆ. ಇದು ಸಂದರ್ಶನದ ದೋಷ ಅಂತ ನಾನು ಹೇಳುವುದಿಲ್ಲ, ಅದರ ಸ್ವಭಾವವೇ ಹಾಗೆ. ಯಾರ ಎದುರು, ಎಲ್ಲಿ, ಯಾಕಾಗಿ ಆ ಮಾತು ಬಂತು ಅನ್ನುವುದನ್ನು ಬರೆದಿಡದೆ ಬರೀ ಮಾತನ್ನು ಮಾತ್ರ ಪ್ರಬಂಧಕ್ಕೆ ಎತ್ತಿ ಹಾಕುವುದು ದೋಷ.

ಇದಕ್ಕೆ ಪ್ರಸಿದ್ಧ ಉದಾಹರಣೆ ಒಂದಿದೆ. 1936ರಿಂದ 1938ರ ನಡುವೆ ಅಮೆರಿಕ ಸರ್ಕಾರ ಬರಹಗಾರರಿಗೆ ಸಂಬಳ ಕೊಟ್ಟು, ಎಳವೆಯಲ್ಲಿ ಗುಲಾಮರಾಗಿದ್ದ ಮುದುಕ ಮುದುಕಿಯರನ್ನು ಮಾತಾಡಿಸಿತು. ಎರಡು ಸಾವಿರಕ್ಕೂ ಜಾಸ್ತಿ ಸಂದರ್ಶನ ಆಯಿತು. ಚಾರ್ಲ್ಸ್‌ಟನ್ ಊರಿನ ಸೂಸನ್ ಹ್ಯಾಮ್ಲಿನ್ ಎಂಬ ಅಜ್ಜಿಯ ಹತ್ತಿರ ಇಬ್ಬರು ಬೇರೆ ಬೇರೆಯಾಗಿ ಹೋದರು. ಬಿಳಿಯ ಹೆಂಗಸೊಬ್ಬರು ಹೋದಾಗ, ಇವರು ಸರ್ಕಾರದ ಸಹಾಯಧನದ ಆಫೀಸಿನವರು ಅಂದುಕೊಂಡ ಅಜ್ಜಿ, ಹಳೆಯ ಯಜಮಾನರನ್ನು ಹೊಗಳಿದರು. ಕಪ್ಪು ಗಂಡಸೊಬ್ಬರು ಹೋದಾಗ ಅದೇ ಅಜ್ಜಿಯ ಬಾಯಿಂದ ಹೊಡೆತದ, ಮನೆಯವರನ್ನು ಬೇರೆ ಮಾಡಿ ಮಾರಿದ ಕತೆಗಳು ಬಂದವು. ಯಾವುದು ನಿಜ ಅಂತ ಇತಿಹಾಸಕಾರರು ಚರ್ಚೆ ಮಾಡಿದ್ದಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಒಂದನ್ನೇ ನೋಡಿದ್ದಕ್ಕಿಂತ ಜಾಸ್ತಿ ತಿಳಿಯುತ್ತದೆ ಅನ್ನುವುದು ನನಗೆ ಮುಖ್ಯ.

ಈಗ ನಿಮ್ಮ ಊರಿಗೆ ಬನ್ನಿ. ನಿಮಗೆ ಪೆನ್ಶನ್ ಕೇಳಿದ ಆ ಅಕ್ಕ ಮಾಡಿದ್ದೂ ಇದೇ ಲೆಕ್ಕ. ಪಟ್ಟಿ ಹಿಡಿದುಕೊಂಡು ಬಂದವಳು ಪಂಚಾಯತಿನವಳೋ, ಬ್ಯಾಂಕಿನವಳೋ, ಹೆಂಗಸರ ಸ್ವಸಹಾಯ ಸಂಘ ಕುಟುಂಬಶ್ರೀಯವಳೋ ಇರಬೇಕು ಅಂತ. ಕೇರಳದಲ್ಲಿ ರೇಷನ್ ಕಾರ್ಡಿಗೆ ಬಣ್ಣ ಇದೆ: ಬಡವರಿಗೆ ಹಳದಿ, ಪಿಂಕ್, ಉಳಿದವರಿಗೆ ನೀಲಿ, ಬಿಳಿ. ಪಿಂಕ್ ಕಾರ್ಡು ಬಿಳಿ ಆಗಿಬಿಟ್ಟರೆ ಏನಾಗುತ್ತದೆ ಅಂತ ಪ್ರತಿ ಮನೆಗೂ ಗೊತ್ತು. ಹಾಗಿರುವಾಗ ನಿಮ್ಮ ಪಟ್ಟಿಯ ಎರಡನೇ ಪ್ರಶ್ನೆಯೇ ‘ಕುಟುಂಬದ ಮಾಸಿಕ ಆದಾಯ ಎಷ್ಟು?’ ಅಂತ ಇದೆ! ಅಲ್ಲಿಗೆ ಮುಗಿಯಿತು. ಅಲ್ಲಿಂದ ಮುಂದಿನ ಎಲ್ಲ ಉತ್ತರವನ್ನೂ ಅವರು ಅಳೆದು ತೂಗಿಯೇ ಕೊಡುತ್ತಾರೆ. ಆ ಪ್ರಶ್ನೆಯನ್ನು ಕೊನೆಗೆ ಹಾಕಿ, ಅಥವಾ ಬಿಟ್ಟೇ ಬಿಡಿ. ಸಾವಿರ ಬೀಡಿಗೆ ಈಗ ಎಷ್ಟು ಕೊಡುತ್ತಾರೆ, ಕಳೆದ ವಾರ ಎಷ್ಟು ಕಟ್ಟಿದಿರಿ ಅಂತ ಕೇಳಿದರೆ ಲೆಕ್ಕ ನೀವೇ ಹಾಕಬಹುದು.

ಪಟ್ಟಿಯ ಉಳಿದ ಪ್ರಶ್ನೆಗಳ ಬಗ್ಗೆಯೂ ಸ್ವಲ್ಪ ಹೇಳಬೇಕು, ಬೇಜಾರು ಮಾಡಬೇಡಿ. ‘ಈ ಕೆಲಸದಲ್ಲಿ ನಿಮಗೆ ತೃಪ್ತಿ ಇದೆಯೇ?’, ‘ನೀವು ಎದುರಿಸುತ್ತಿರುವ ಪ್ರಮುಖ ಸಮಸ್ಯೆಗಳು ಯಾವುವು?’, ‘ಮಗಳನ್ನು ಯಾಕೆ ಮುಂದೆ ಓದಿಸಲಿಲ್ಲ?’ ಮೊದಲಿನ ಎರಡು ಪ್ರಬಂಧದ ಅಧ್ಯಾಯಗಳ ತಲೆಬರಹ, ಮಾತಾಡುವವರ ಹತ್ತಿರ ಕೇಳುವ ಪ್ರಶ್ನೆಯಲ್ಲ. ನಿಮ್ಮ ಸಂಶೋಧನೆಯ ಪ್ರಶ್ನೆ ಬೇರೆ, ಜಗಲಿಯಲ್ಲಿ ಕೂತು ಕೇಳುವ ಪ್ರಶ್ನೆ ಬೇರೆ. ಮೂರನೆಯದಂತೂ ಬೈದ ಹಾಗೆ ಕೇಳಿಸುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಹೋವರ್ಡ್ ಬೆಕರ್ ತಮ್ಮ ವಿದ್ಯಾರ್ಥಿಗಳಿಗೆ ಇದನ್ನೇ ಹೇಳುತ್ತಿದ್ದರು: ಯಾಕೆ ಅಂತ ಕೇಳಿದರೆ ಜನ ಸಮರ್ಥನೆ ಕೊಡುತ್ತಾರೆ, ಹೇಗಾಯಿತು ಅಂತ ಕೇಳಿದರೆ ನಡೆದದ್ದನ್ನು ಹೇಳುತ್ತಾರೆ. ‘ಮಗಳು ಹತ್ತನೇ ಕ್ಲಾಸು ಮುಗಿಸಿದ ವರ್ಷ ಮನೆಯಲ್ಲಿ ಏನೇನಾಯಿತು?’ ಅಂತ ಕೇಳಿ ನೋಡಿ. ಗಂಡನ ಕಾಯಿಲೆ, ದೊಡ್ಡ ಮಗಳ ಮದುವೆಯ ಸಾಲ, ಹತ್ತಿರದ ಶಾಲೆಯಲ್ಲಿ ಕನ್ನಡ ಮೀಡಿಯಂ ಪ್ಲಸ್ ಟು ಸೀಟು ಸಿಗದೆ ಹೋದದ್ದು, ಬಸ್ಸು ಇಲ್ಲದಿದ್ದದ್ದು, ಇಂಥದ್ದೆಲ್ಲ ತಾನಾಗಿ ಬರುತ್ತದೆ. ನೀವು ‘ಸಮಸ್ಯೆ’ ಅನ್ನುವ ಪದ ಎತ್ತುವ ಅಗತ್ಯವೇ ಇಲ್ಲ.

ಬೀಡಿಯ ವಿಷಯದಲ್ಲಿ ನಾನಾದರೆ ಎಲ್ಲಿಂದ ಶುರು ಮಾಡುತ್ತೇನೆ ಅಂದರೆ ಬ್ರಾಂಚಿನಿಂದ, ಅಂದರೆ ಎಲೆ, ಹೊಗೆಸೊಪ್ಪು ಕೊಟ್ಟು ಕಟ್ಟಿದ ಬೀಡಿ ತೆಗೆದುಕೊಳ್ಳುವ ಜಾಗದಿಂದ. ‘ಕಳೆದ ಸಲ ಬ್ರಾಂಚಿಗೆ ಹೋದದ್ದು ಯಾವಾಗ? ಯಾರು ಹೋದದ್ದು? ಎಷ್ಟು ಬೀಡಿ ಕೊಂಡುಹೋದಿರಿ, ಎಷ್ಟನ್ನು ಸರಿ ಇಲ್ಲ ಅಂತ ಹಿಂದೆ ಹಾಕಿದರು?’ ತೃಪ್ತಿ ಇದೆಯಾ ಅಂತ ಕೇಳಿದಾಗ ಹೌದು ಅಂತ ತಲೆ ಆಡಿಸಿದ ಹೆಂಗಸು ಇಲ್ಲಿ ಕೈಯ ಕತ್ತರಿ ಕೆಳಗಿಡುತ್ತಾಳೆ. ಕೊಟ್ಟ ಎಲೆಯಲ್ಲಿ ಅರ್ಧ ತೂತು, ಅದರಲ್ಲಿ ಸಾವಿರ ಬೀಡಿ ಆಗಬೇಕು ಅಂದರೆ ಎಲ್ಲಿಂದ ಆಗುತ್ತದೆ, ಕಮ್ಮಿ ಬಿದ್ದ ಎಲೆಯನ್ನು ಸ್ವಂತ ದುಡ್ಡಿನಲ್ಲಿ ಅಂಗಡಿಯಿಂದ ತಂದೆ, ಚೆಕ್ಕಿಂಗ್ ಮಾಡುವವನು ಆ ದಿನ ಯಾರ ಮೇಲೋ ಸಿಟ್ಟಿನಲ್ಲಿದ್ದ, ಹಿಂದೆ ಹಾಕಿದ ಬೀಡಿ ವಾಪಸ್ಸೂ ಕೊಡಲಿಲ್ಲ. ಹೀಗೆ ಒಂದರ ಹಿಂದೆ ಒಂದು. ನಡುವೆ ಬಾಯಿ ಹಾಕಬೇಡಿ. ಮಾತು ನಿಂತಾಗ ಕೂಡಲೇ ಮುಂದಿನ ಪ್ರಶ್ನೆಗೆ ಹಾರಬೇಡಿ, ಸ್ವಲ್ಪ ಹೊತ್ತು ಸುಮ್ನೆ ಕೂತುಕೊಳ್ಳಿ. ಹೊಸಬರಿಗೆ ಈ ಸುಮ್ಮನಿರುವುದೇ ಎಲ್ಲಕ್ಕಿಂತ ಕಷ್ಟ. ಇನ್ನೊಂದು ವಿಷಯ, ಅವರ ಕೆಲಸ ನಿಲ್ಲಿಸಬೇಡಿ. ಸಾವಿರದ ಲೆಕ್ಕದಲ್ಲಿ ದುಡಿಯುವವರಿಗೆ ನಿಮ್ಮ ಒಂದು ಗಂಟೆ ಅಂದರೆ ಒಂದು ಗಂಟೆಯ ಕೂಲಿ. ಗೆರಸೆ ಮಡಿಲಲ್ಲೇ ಇರಲಿ, ಕೈ ಕಟ್ಟುತ್ತಲೇ ಇರಲಿ, ಬಾಯಿ ಮಾತಾಡಲಿ.

ಕೈಯ ವಿಷಯ ಬಂತು, ಹಾಗಾಗಿ ಇದನ್ನೂ ಹೇಳಿಬಿಡುತ್ತೇನೆ. ಕುಂಬಳೆ ಕಡೆಯ ಒಂದು ಮನೆಯಲ್ಲಿ ತಾಯಿಯೊಬ್ಬರು ‘ನನ್ನ ಮಗಳು ಬೀಡಿ ಮುಟ್ಟುವುದೂ ಇಲ್ಲ, ಅವಳು ಕಾಲೇಜು’ ಅಂತ ಬಹಳ ಹೆಮ್ಮೆಯಿಂದ ಹೇಳುತ್ತಿದ್ದರು. ಮಗಳು ಬಾಗಿಲ ಹತ್ತಿರ ಕೂತು, ತಾಯಿ ಸುತ್ತಿ ಹಾಕಿದ ಬೀಡಿಗಳ ತುದಿ ಮಡಚುತ್ತಾ ನಮ್ಮ ಮಾತು ಕೇಳುತ್ತಿದ್ದಳು. ಇಬ್ಬರಿಗೂ ಅದರಲ್ಲಿ ವಿಚಿತ್ರ ಏನೂ ಕಾಣಲಿಲ್ಲ. ತಾಯಿಯ ಮಟ್ಟಿಗೆ ಬೀಡಿ ಕೆಲಸ ಅಂದರೆ ಬ್ರಾಂಚಿನ ಪಾಸ್ ಬುಕ್ಕಿನಲ್ಲಿ ಹೆಸರು ಇರುವವರ ಕೆಲಸ. ಎಲೆ ನೆನೆಸುವುದು, ಕತ್ತರಿಸುವುದು, ತುದಿ ಮಡಚುವುದು ಮನೆಯಲ್ಲಿ ಕೈ ಜೋಡಿಸುವುದು ಅಷ್ಟೆ. ನಿಮ್ಮ ವಿಷಯವೇ ತಾಯಿ ಮಗಳ ಕೆಲಸ ಆದ ಕಾರಣ ಇಲ್ಲಿ ಜಾಗ್ರತೆ ಬೇಕು. ಬರೀ ಮಾತು ನಂಬಿದರೆ ಮಗಳು ಬೀಡಿಯಿಂದ ಹೊರಗೆ ಹೋದಳು ಅಂತ ಬರೆಯುತ್ತೀರಿ. ಬರೀ ಕಣ್ಣು ನಂಬಿದರೆ ಮಗಳೂ ಬೀಡಿ ಕೆಲಸದವಳೇ ಅಂತ ಬರೆಯುತ್ತೀರಿ. ಮಗಳಿಗೆ ಆ ಕೆಲಸದ ಹೆಸರು ಅಂಟಬಾರದು ಅಂತ ತಾಯಿ ಎಷ್ಟು ಬಯಸುತ್ತಾರೆ ಅನ್ನುವುದು ಎರಡನ್ನೂ ಸೇರಿಸಿ ನೋಡಿದರೆ ಮಾತ್ರ ಕಾಣುತ್ತದೆ.

ಜನ ಹೇಳುವುದಕ್ಕೂ ಮಾಡುವುದಕ್ಕೂ ಇರುವ ಈ ಅಂತರ ಸಂದರ್ಶನಕ್ಕೆ ಮಾತ್ರ ಅಂಟಿದ ಕಾಯಿಲೆ ಅಂತ ನಿಮ್ಮ ಗೆಳತಿ ತಿಳಿದಿದ್ದರೆ, ಅವರಿಗೆ ರಿಚರ್ಡ್ ಲಾಪಿಯರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರ ಕತೆ ಹೇಳಿ. 1930ರ ದಶಕದ ಶುರುವಿನಲ್ಲಿ ಇವರು ಚೀನಾ ಮೂಲದ ದಂಪತಿಯ ಜೊತೆ ಅಮೆರಿಕ ಸುತ್ತಿದರು. ಆಗ ಅಲ್ಲಿ ಚೀನಾದವರ ಬಗ್ಗೆ ತುಂಬಾ ತಾತ್ಸಾರ. ಆದರೂ 251 ಹೋಟೆಲು, ವಸತಿಗೃಹಗಳಲ್ಲಿ ಒಂದೇ ಒಂದು ಕಡೆ ಮಾತ್ರ ಇವರನ್ನು ಒಳಗೆ ಬಿಡಲಿಲ್ಲ. ಕೆಲವು ತಿಂಗಳು ಬಿಟ್ಟು ಅದೇ ಜಾಗಗಳಿಗೆ ಪ್ರಶ್ನಾವಳಿ ಕಳಿಸಿ ‘ಚೀನಾದವರನ್ನು ಸೇರಿಸಿಕೊಳ್ಳುತ್ತೀರಾ’ ಅಂತ ಕೇಳಿದರು. ಉತ್ತರ ಬರೆದದ್ದು 128 ಮಂದಿ, ನೂರರಲ್ಲಿ ತೊಂಬತ್ತಕ್ಕೂ ಜಾಸ್ತಿ ಜನ ಇಲ್ಲ ಅಂದರು. 1934ರಲ್ಲಿ ಇದು ಪ್ರಕಟವಾಯಿತು. ಪತ್ರಕ್ಕೆ ಉತ್ತರ ಬರೆದವರೂ ಅವತ್ತು ಬಾಗಿಲು ತೆರೆದವರೂ ಒಬ್ಬರೇ ಅಂತ ಹೇಳಲಾಗುವುದಿಲ್ಲ, ಹಾಗಾಗಿ ಈ ಅಧ್ಯಯನಕ್ಕೂ ಟೀಕೆ ಇದೆ. ಆದರೆ ಗಮನಿಸಿ, ಅಲ್ಲಿ ಎಡವಿದ್ದು ಸಂದರ್ಶನ ಅಲ್ಲ, ನಿಮ್ಮ ಗೆಳತಿಗೆ ಇಷ್ಟವಾದ ಪ್ರಶ್ನಾವಳಿ.

ಹಾಗಂತ ಪ್ರಶ್ನಾವಳಿ ಕೆಲಸಕ್ಕೆ ಬಾರದ್ದು ಅಂತಲ್ಲ. ನಿಮ್ಮ ಗೈಡ್ ಹೇಳುವುದರಲ್ಲಿ ಅರ್ಧ ಸರಿ. ಎಷ್ಟು ಮನೆಗಳಲ್ಲಿ ಈಗಲೂ ಬೀಡಿ ಕಟ್ಟುತ್ತಾರೆ, ಹೆಣ್ಣುಮಕ್ಕಳಲ್ಲಿ ಎಷ್ಟು ಜನ ಗೇರುಬೀಜ ಫ್ಯಾಕ್ಟರಿಗೆ, ಎಷ್ಟು ಜನ ಮಂಗಳೂರಿನ ಬಟ್ಟೆ ಅಂಗಡಿಗೆ, ನರ್ಸಿಂಗಿಗೆ ಹೋದರು ಅಂತ ಎಣಿಕೆ ಬೇಕಾದರೆ ಒಂಬತ್ತು ಸಂದರ್ಶನ ಬಿಡಿ, ತೊಂಬತ್ತು ಸಂದರ್ಶನ ಮಾಡಿದರೂ ಪ್ರಯೋಜನ ಇಲ್ಲ. ಅದಕ್ಕೆ ಸರ್ವೆಯೇ ಬೇಕು. ಆದರೆ ಸಿಕ್ಕಿದ ನೂರು ಜನರಿಗೆ ಫಾರಂ ಕೊಟ್ಟು ತುಂಬಿಸಿದರೆ ಅದು ಸರ್ವೆ ಆಗುವುದಿಲ್ಲ. ಯಾರನ್ನು ಆರಿಸಿದಿರಿ, ಹೇಗೆ ಆರಿಸಿದಿರಿ ಅನ್ನುವುದಕ್ಕೆ ಕ್ರಮ ಇಲ್ಲದಿದ್ದರೆ ಆ ನೂರರಿಂದ ಪಂಚಾಯತಿನ ಬಗ್ಗೆ ಒಂದು ವಾಕ್ಯವನ್ನೂ ಧೈರ್ಯವಾಗಿ ಬರೆಯುವ ಹಾಗಿಲ್ಲ. ಈಗಿರುವ ಪ್ರಶ್ನೆಗಳನ್ನೇ ಇಟ್ಟುಕೊಂಡು ಹೋದರೆ ನಿಮಗೆ ಸಿಗುವುದು ನೂರು ‘ಎಂತ ತೊಂದರೆ ಇಲ್ಲ’, ಅಷ್ಟೇ.

ಎಷ್ಟು ಸಂದರ್ಶನ ಸಾಕು ಅಂತ ಎಲ್ಲ ವಿದ್ಯಾರ್ಥಿಗಳೂ ಕೇಳುತ್ತಾರೆ. ಹನ್ನೆರಡು ಅನ್ನುವ ಒಂದು ಸಂಖ್ಯೆ ಎಲ್ಲ ಕಡೆ ಓಡಾಡುತ್ತಿದೆ, ನಿಮಗೂ ಯಾರಾದರೂ ಹೇಳಿರಬಹುದು. ಅದು ಬಂದದ್ದು ಗೆಸ್ಟ್, ಬನ್ಸ್, ಜಾನ್ಸನ್ ಎಂಬ ಮೂವರ 2006ರ ಲೇಖನದಿಂದ. ಘಾನಾ ಮತ್ತು ನೈಜೀರಿಯಾದ ಮಹಿಳೆಯರ 60 ಸಂದರ್ಶನಗಳನ್ನು ಬಿಡಿಸಿ ನೋಡಿದಾಗ ಮುಖ್ಯ ವಿಷಯಗಳಲ್ಲಿ ಹೆಚ್ಚಿನವು ಮೊದಲ 12ರ ಒಳಗೇ ಬಂದುಬಿಟ್ಟಿದ್ದವು. ಆದರೆ ಅವರೇ ಹೇಳಿದ ಷರತ್ತು ಇದೆ: ಮಾತಾಡಿದವರೆಲ್ಲ ಹೆಚ್ಚು ಕಮ್ಮಿ ಒಂದೇ ಥರದ ಪರಿಸ್ಥಿತಿಯವರು, ಎಲ್ಲರಿಗೂ ಕೇಳಿದ್ದು ಒಂದೇ ಪ್ರಶ್ನೆಗಳು. ಜನ ಷರತ್ತು ಬಿಟ್ಟು ಸಂಖ್ಯೆ ಮಾತ್ರ ಹಿಡಿದುಕೊಂಡರು. ಹೊಸ ವಿಷಯ ಬರುವುದು ನಿಂತರೆ ಸಾಕು ಅಂತ ಪುಸ್ತಕಗಳಲ್ಲಿ ಇರುವುದೂ ನಿಜ, ಆದರೆ ನಿಮಗೆ ಒಂದೇ ಉತ್ತರ ಮತ್ತೆ ಮತ್ತೆ ಬಂದದ್ದು ಆ ಅರ್ಥದಲ್ಲಿ ಅಲ್ಲ. ನೀವು ಇನ್ನೂ ಹೊಸ್ತಿಲು ದಾಟಿಲ್ಲ.

ಅದಕ್ಕೆ ಇನ್ನೊಂದು ಕಾರಣವೂ ಇರಬಹುದು. ಈ ಒಂಬತ್ತು ಜನರನ್ನು ನಿಮಗೆ ತೋರಿಸಿದ್ದು ಯಾರು? ನೀವು ಬರೆದಿಲ್ಲ. ಕುಟುಂಬಶ್ರೀಯ ಒಬ್ಬ ಚೇಚಿಯೋ, ಯೂನಿಯನ್ನಿನವರೋ, ಆಶಾ ಕಾರ್ಯಕರ್ತೆಯೋ ಒಬ್ಬರೇ ಕರೆದುಕೊಂಡು ಹೋಗಿದ್ದರೆ, ಅವರ ಜೊತೆ ಮಾತುಕತೆ ಇರುವವರ ಮನೆಗಳಿಗೇ ಹೋಗಿರುತ್ತೀರಿ. ಜಗಳ ಮಾಡಿಕೊಂಡು ಬೀಡಿ ಬಿಟ್ಟವರು, ಯೂನಿಯನ್ ಬಿಟ್ಟವರು, ಬೇರೆ ಜಾತಿಯ ಕೇರಿಯವರು ಆ ಸಾಲಿನಲ್ಲಿ ಬರುವುದೇ ಇಲ್ಲ. ದಾರಿ ತೋರಿಸಿದವರು ಪಕ್ಕದಲ್ಲಿ ಕೂತಿದ್ದರೆ ಮಾತು ಇನ್ನೂ ಮೆತ್ತಗಾಗುತ್ತದೆ. ಇನ್ನು ಮುಂದೆ ಎರಡು ಮೂರು ಬೇರೆ ದಾರಿಗಳಿಂದ ಜನರನ್ನು ಹುಡುಕಿ. ಬೀಡಿ ಬಿಟ್ಟು ತೊಳಿಲುರಪ್ಪಿಗೆ, ಅಂದರೆ ಉದ್ಯೋಗ ಖಾತರಿ ಕೆಲಸಕ್ಕೆ, ಹೋಗುವವರು, ಎರಡನ್ನೂ ಮಾಡುವವರು, ಬ್ಯಾರಿ ಮನೆಗಳ ಹೆಂಗಸರು, ಬೀಡಿ ಕಟ್ಟಿ ಕಣ್ಣು, ಬೆನ್ನು ಹೋಗಿ ಮನೆಯಲ್ಲಿ ಕೂತ ಅಜ್ಜಿಯರು, ಬ್ರಾಂಚಿನಲ್ಲಿ ಚೆಕ್ಕಿಂಗ್ ಮಾಡುವವರು. ಮುಖ್ಯವಾಗಿ ಹೆಣ್ಣುಮಕ್ಕಳು. ನಿಮ್ಮ ಒಂಬತ್ತರಲ್ಲಿ ಒಬ್ಬ ಮಗಳೂ ಇದ್ದ ಹಾಗೆ ಕಾಣಲಿಲ್ಲ! ಅವರ ವಿಷಯವನ್ನು ಅವರ ತಾಯಂದಿರ ಬಾಯಲ್ಲಿ ಮಾತ್ರ ಕೇಳಿದರೆ ಪ್ರಬಂಧದ ಅರ್ಧ ಖಾಲಿ ಉಳಿಯುತ್ತದೆ.

ಅತ್ತೆ, ಗಂಡ ಪಕ್ಕದಲ್ಲಿ ಕೂರುವ ವಿಷಯ. ಅವರನ್ನು ಎಬ್ಬಿಸಲು ಹೋಗಬೇಡಿ, ಮನೆಯೊಳಗೆ ಇಲ್ಲದ ಜಗಳ ತಂದಿಡುತ್ತೀರಿ. ಒಂದು ಉಪಾಯ, ಗಂಡನನ್ನೇ ಮೊದಲು ಮಾತಾಡಿಸಿ. ನಿಮ್ಮ ಕೆಲಸ ಏನು, ನೀವು ಗಲ್ಫಿನಲ್ಲಿ ಎಷ್ಟು ವರ್ಷ ಇದ್ದಿರಿ ಅಂತ ಕೇಳಿ, ಅವರ ಮಾತನ್ನೂ ಬರೆದುಕೊಳ್ಳಿ. ತಮ್ಮದು ಮುಗಿದ ಮೇಲೆ ಎದ್ದು ಹೋಗುವವರೇ ಜಾಸ್ತಿ. ಇನ್ನೊಂದು, ಬ್ರಾಂಚಿಗೆ ಹೋಗುವ ದಿನ ಆ ಅಕ್ಕನ ಜೊತೆ ನಡೆದುಕೊಂಡು ಹೋಗಿ. ಗುಡ್ಡ ಇಳಿಯುವ ದಾರಿಯಲ್ಲಿ, ಅಕ್ಕಪಕ್ಕ ನಡೆಯುವಾಗ, ಮುಖ ನೋಡದೆ ಆಡುವ ಮಾತು ಜಗಲಿಯ ಮಾತಿಗಿಂತ ಸಲೀಸು. ರೆಕಾರ್ಡ್ ಆಗುವುದಿಲ್ಲ ಅನ್ನುವುದೊಂದೇ ತೊಂದರೆ. ಹಿಂದೆ ಬಂದ ಕೂಡಲೇ ಬರೆದಿಡಬೇಕು, ರಾತ್ರಿ ಬರೆಯುತ್ತೇನೆ ಅಂದರೆ ಅರ್ಧ ಹೋಗಿರುತ್ತದೆ. ಅತ್ತೆಯ ಎದುರು ಸೊಸೆ ಹೇಳಿದ್ದನ್ನೂ ಎಸೆಯಬೇಡಿ. ‘ಅತ್ತೆ ಇದ್ದರು’ ಅಂತ ಅಂಚಿನಲ್ಲಿ ಬರೆಯಿರಿ, ದಾರಿಯಲ್ಲಿ ಹೇಳಿದ್ದನ್ನು ಅದರ ಪಕ್ಕ ಇಡಿ.

ಕುಟುಂಬಶ್ರೀ ಮೀಟಿಂಗಿನಲ್ಲಿ ಎಲ್ಲರನ್ನೂ ಒಟ್ಟಿಗೆ ಮಾತಾಡಿಸಿದರೆ ಸುಲಭ ಅಲ್ವಾ ಅಂತ ನಿಮಗೆ ಅನಿಸಬಹುದು. ಸುಲಭವೇ, ಮಜೂರಿ, ಬ್ರಾಂಚು, ಎಲೆಯ ಕಂಪ್ಲೇಂಟುಗಳಿಗೆ ಗುಂಪು ಚೆನ್ನಾಗಿ ಒದಗುತ್ತದೆ, ಒಬ್ಬರು ಶುರು ಮಾಡಿದರೆ ಇನ್ನೊಬ್ಬರು ಸೇರಿಸುತ್ತಾರೆ. ಮನೆಯೊಳಗಿನ ದುಡ್ಡು, ಸಾಲ, ಮಗಳ ಮದುವೆಯ ಮಾತು ಅಲ್ಲಿ ಎತ್ತಬೇಡಿ. ಗುಂಪಿನಲ್ಲಿ ಆಡಿದ ಮಾತು ಸಂಜೆಯೊಳಗೆ ಊರಿಡೀ ತಿಳಿದಿರುತ್ತದೆ, ನೀವು ಎಷ್ಟು ಗುಟ್ಟು ಕಾಪಾಡಿದರೂ.

ರೆಕಾರ್ಡಿಂಗ್ ಬೇಡ ಅಂದವರ ಹತ್ತಿರ ಬೇಡ. ಜೇಬಿನಲ್ಲಿ ಆನ್ ಮಾಡಿ ಇಟ್ಟುಕೊಂಡರೆ ಗೊತ್ತಾಗುವುದಿಲ್ಲ ಅಂತ ಕಲಿಸಿಕೊಡುವ ಸೀನಿಯರುಗಳು ಇದ್ದಾರೆ, ಅವರ ಮಾತು ಕೇಳಬೇಡಿ. ಒಪ್ಪಿಗೆ ಫಾರಂಗೆ ಸಹಿ ಹಾಕಿಸುವುದೂ ನಮ್ಮ ಕಡೆ ಯೋಚಿಸಬೇಕಾದ ವಿಷಯ. ಸಹಿ ಅಂದರೆ ಬ್ಯಾಂಕು, ಸಾಲ, ಕೋರ್ಟು. ವಿಭಾಗದವರು ಒಪ್ಪಿದರೆ ಬಾಯಿಮಾತಿನ ಒಪ್ಪಿಗೆ ಸಾಕು: ನಾನು ಯಾರು, ಇದು ಯಾಕೆ, ನಿಮ್ಮ ಹೆಸರು ಬರುವುದಿಲ್ಲ, ಬೇಡ ಅನಿಸಿದರೆ ಯಾವಾಗ ಬೇಕಾದರೂ ನಿಲ್ಲಿಸಬಹುದು, ಆಮೇಲೂ ತೆಗೆಸಬಹುದು. ಇದನ್ನು ತುಳುವಿನಲ್ಲೋ ಮಲಯಾಳದಲ್ಲೋ ಅವರ ಮಾತಿನಲ್ಲೇ ಹೇಳಿ. ಅಂದ ಹಾಗೆ ಆಟಿ ತಿಂಗಳಲ್ಲಿ ಹೋಗುವುದಾದರೆ ಶೀಟಿನ ಮಾಡಿನ ಕೆಳಗೆ ರೆಕಾರ್ಡ್ ಮಾಡಿ ಪ್ರಯೋಜನ ಇಲ್ಲ, ಮಳೆಯ ಸದ್ದೊಂದೇ ಕೇಳುತ್ತದೆ.

ಮಾಡಿದ ರೆಕಾರ್ಡಿಂಗನ್ನು ಒಂದೇ ಫೋನಿನಲ್ಲಿ ಇಡಬೇಡಿ. ನಮ್ಮ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಕಡೆಯ ರಾಂಪುರದಲ್ಲಿ ಮಾಡಿದ ಕ್ಷೇತ್ರಕಾರ್ಯದ ಟಿಪ್ಪಣಿಗಳನ್ನು ಹದಿನೆಂಟು ವರ್ಷ ಕೂತು ತಿದ್ದಿ ತೀಡಿ ಮೂರು ಪ್ರತಿ ಮಾಡಿಟ್ಟಿದ್ದರು. ಮೂರೂ ಸ್ಟ್ಯಾನ್‌ಫರ್ಡಿನ ಒಂದೇ ಕಟ್ಟಡದಲ್ಲಿದ್ದವು. 1970ರಲ್ಲಿ ಅಲ್ಲಿಗೆ ಬೆಂಕಿ ಬಿತ್ತು. ಅವರು ನೆನಪಿನಿಂದಲೇ ಪುಸ್ತಕ ಬರೆದರು, ಅದು ದೊಡ್ಡ ಹೆಸರು ಮಾಡಿತು. ನಿಮಗೂ ನನಗೂ ಅಷ್ಟು ನೆನಪಿನ ಶಕ್ತಿ ಇಲ್ಲ, ಹಾಗಾಗಿ ಎರಡು ಬೇರೆ ಜಾಗದಲ್ಲಿ ಇಡಿ.

ಭಾಷೆಯ ಬಗ್ಗೆ: ತುಳುವಿನಲ್ಲಿ ಆಡಿದ್ದನ್ನು ಕನ್ನಡ ಲಿಪಿಯಲ್ಲಿ ತುಳುವಾಗಿಯೇ ಬರೆದಿಡಿ, ನೇರ ಇಂಗ್ಲಿಷಿಗೆ ಇಳಿಸಬೇಡಿ. ಪ್ರಬಂಧದಲ್ಲಿ ಬಳಸುವ ತುಂಡುಗಳನ್ನು ಮಾತ್ರ ಕೊನೆಗೆ ಇಂಗ್ಲಿಷ್ ಮಾಡಿ, ತುಳು ಬಲ್ಲ ಇನ್ನೊಬ್ಬರಿಗೆ ತೋರಿಸಿ. ಒಂದು ಗಂಟೆಯ ಮಾತು ಬರೆದು ಮುಗಿಸಲು ನಾಲ್ಕರಿಂದ ಆರು ಗಂಟೆ ಬೇಕು, ಎರಡು ಮೂರು ಭಾಷೆ ಬೆರೆತಿದ್ದರೆ ಇನ್ನೂ ಜಾಸ್ತಿ. ಮಲಯಾಳ ಮಾತಾಡುವವರ ಮನೆಯಲ್ಲಿ ಶಾಲೆಗೆ ಹೋಗುವ ಮಗಳನ್ನೇ ದುಭಾಷಿ ಮಾಡಿಕೊಳ್ಳುವ ಅಭ್ಯಾಸ ಇದೆ, ಅದು ಬೇಡ. ತಾಯಿ ಮಗಳ ಬಗ್ಗೆ ಏನು ಹೇಳಬಹುದು, ಮಗಳ ಬಾಯಿ ಮೂಲಕ? ಭಾಷೆ ಬರುವ ಗೆಳತಿಯನ್ನು ಕರೆದುಕೊಂಡು ಹೋಗಿ. ಇನ್ನೊಂದು, ತುಳು ಮನೆಗಳಲ್ಲಿ ಪುಸ್ತಕದ ಕನ್ನಡದಲ್ಲಿ ಪ್ರಶ್ನೆ ಓದಬೇಡಿ. ಉತ್ತರವೂ ಪುಸ್ತಕದ ಹಾಗೆಯೇ ಬರುತ್ತದೆ.

ಪೆನ್ಶನ್ ಕೇಳಿದ ಅಕ್ಕನಿಗೆ ಏನು ಹೇಳಬೇಕು ಅಂತ ಕೇಳಿದ್ದೀರಿ. ನಿಜ ಹೇಳಿ. ‘ನನ್ನಿಂದ ಆಗುವುದಿಲ್ಲ ಅಕ್ಕ, ಇದು ನನ್ನ ಪರೀಕ್ಷೆಗೆ’ ಅಂತ, ಅದೂ ಮಾತಿನ ಶುರುವಿನಲ್ಲೇ. ಹಾಗಂತ ಅಲ್ಲಿಗೇ ಬಿಡುವುದೂ ಸರಿಯಲ್ಲ. ಅರ್ಜಿಯ ಸ್ಥಿತಿ ಸರ್ಕಾರಿ ಆನ್‌ಲೈನ್ ಸೇವೆ ಕೊಡುವ ಅಕ್ಷಯ ಕೇಂದ್ರದಲ್ಲಿ ನೋಡಬಹುದು, ಫೋನಿನಲ್ಲಿ ನೀವೇ ನೋಡಿಕೊಡಲು ಆದರೆ ನೋಡಿಕೊಡಿ. ಹಿಂದಿನ ಕಾಲದ ಪಠ್ಯಗಳಲ್ಲಿ ಸಂಶೋಧಕರು ತಮ್ಮ ಬಗ್ಗೆ ಏನೂ ಹೇಳಬಾರದು, ಎದುರಿನವರು ಪ್ರಶ್ನೆ ಕೇಳಿದರೆ ನಯವಾಗಿ ತಪ್ಪಿಸಿಕೊಳ್ಳಬೇಕು ಅಂತ ಇತ್ತು. ಇಂಗ್ಲೆಂಡಿನ ಸಮಾಜಶಾಸ್ತ್ರಜ್ಞೆ ಆನ್ ಓಕ್ಲಿ ಹೆರಿಗೆ, ತಾಯ್ತನದ ಬಗ್ಗೆ ಹೆಂಗಸರನ್ನು ಮಾತಾಡಿಸುವಾಗ ಆ ಹೆಂಗಸರು ಓಕ್ಲಿಗೇ ಪ್ರಶ್ನೆ ಹಾಕುತ್ತಿದ್ದರು. ತಪ್ಪಿಸಿಕೊಳ್ಳುವುದು ಸಾಧ್ಯವೂ ಇಲ್ಲ, ಸರಿಯೂ ಅಲ್ಲ ಅಂತ ಓಕ್ಲಿ 1981ರಲ್ಲಿ ಬರೆದರು. ನಮ್ಮ ಊರಿನಲ್ಲಿ ಅದು ಇನ್ನೂ ನಿಜ. ‘ನೀನು ಯಾರ ಮಗಳು, ಯಾವ ಮನೆ’ ಅಂತ ಮೊದಲು ಕೇಳದೆ ಯಾರು ಕುಡಿಯಲು ನೀರು ಕೊಡುತ್ತಾರೆ? ಹೇಳಿ. ಅದರಿಂದ ನಿಮ್ಮ ಜಾತಿ, ಮನೆತನ ಅವರಿಗೆ ತಿಳಿಯುತ್ತದೆ, ಕೆಲವು ಬಾಗಿಲು ತೆರೆಯುತ್ತದೆ, ಕೆಲವು ಮುಚ್ಚುತ್ತದೆ. ಯಾವುದು ಏನಾಯಿತು ಅಂತ ಬರೆದಿಡಿ.

ಎಣ್ಮಕಜೆ, ಪಡ್ರೆ ಕಡೆ ಹೋಗುವ ಯೋಚನೆ ಇದ್ದರೆ ಒಂದು ಎಚ್ಚರಿಕೆ. ಗೇರು ತೋಟಗಳಿಗೆ 2000ದ ತನಕ ಆಕಾಶದಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಜಾಗ ಅದು. ಡಾಕ್ಟರು, ಪತ್ರಕರ್ತರು, ಕ್ಯಾಮೆರಾದವರು, ನಮ್ಮಂಥ ಸಂಶೋಧಕರು ಎಲ್ಲರೂ ಆ ಮನೆಗಳ ಜಗಲಿಯಲ್ಲಿ ಕೂತು ಹೋಗಿದ್ದಾರೆ. ಅಲ್ಲಿಯವರಿಗೆ ಸಂದರ್ಶನ ಅಂದರೆ ಏನು ಅಂತ ನಿಮಗಿಂತ ಚೆನ್ನಾಗಿ ಗೊತ್ತು. ಕೇಳುವ ಮೊದಲೇ ಕ್ರಮವಾಗಿ ಹೇಳಿಬಿಡುವ ಕತೆ ಬರಬಹುದು, ಅಥವಾ ‘ಎಷ್ಟು ಸಲ ಹೇಳುವುದು’ ಅಂತ ಬಾಗಿಲಲ್ಲೇ ನಿಲ್ಲಿಸಬಹುದು. ನಿಮ್ಮ ವಿಷಯಕ್ಕೆ ಆ ಮನೆಗಳು ಬೇಕೇ ಬೇಕು ಅಂತ ಇಲ್ಲದಿದ್ದರೆ ಬಿಟ್ಟುಬಿಡಿ.

ಹೆಸರು ಬದಲಿಸಿದರೆ ಗುರುತು ಮುಚ್ಚಿತು ಅಂದುಕೊಳ್ಳಬೇಡಿ. ‘ಇಂಥ ವಾರ್ಡಿನ 54 ವರ್ಷದ ಮಹಿಳೆ, ಮೂವರು ಹೆಣ್ಣುಮಕ್ಕಳು, ಗಂಡ ದುಬೈಯಿಂದ ಹಿಂದೆ ಬಂದವರು’ ಅಂತ ಬರೆದರೆ ಬದಿಯಡ್ಕ ಪೇಟೆಯಲ್ಲಿ ಯಾರನ್ನು ಕೇಳಿದರೂ ಮನೆ ತೋರಿಸುತ್ತಾರೆ. ವಾರ್ಡು ಬಿಡಿ, ವಯಸ್ಸು ಅಂದಾಜಿಗೆ ಬರೆಯಿರಿ, ವಾದಕ್ಕೆ ಬೇಡದ ವಿವರ ತೆಗೆಯಿರಿ. ಬ್ರಾಂಚಿನವರ ಬಗ್ಗೆ ಯಾರಾದರೂ ಗಟ್ಟಿಯಾಗಿ ಮಾತಾಡಿದ್ದರೆ ಅದನ್ನು ಇನ್ನೂ ಜಾಗ್ರತೆಯಿಂದ ಬಳಸಿ, ಮರುವಾರ ಅವರು ಬೀಡಿ ಕೊಡಬೇಕಾದದ್ದು ಅಲ್ಲಿಗೇ.

ಇನ್ನು ಮೂರು ತಿಂಗಳು. ನಾನು ಹೇಳುವುದು ಹೀಗೆ. ಮಾತಾಡಿಸಿದ ಒಂಬತ್ತರಲ್ಲಿ ನಿಮ್ಮ ಹತ್ತಿರ ಸ್ವಲ್ಪ ಸಲಿಗೆಯಾದ ನಾಲ್ಕೈದು ಜನರ ಹತ್ತಿರ ಇನ್ನೊಮ್ಮೆ ಹೋಗಿ, ಪಟ್ಟಿ ಮನೆಯಲ್ಲಿಡಿ. ಎರಡನೇ ಸಲ ಹೋದವಳಿಗೆ ಸಿಗುವ ಮಾತೇ ಬೇರೆ. ಅವರ ಹೆಣ್ಣುಮಕ್ಕಳಲ್ಲಿ ಸಿಕ್ಕಿದಷ್ಟು ಜನರನ್ನು ಬೇರೆಯಾಗಿ ಮಾತಾಡಿಸಿ, ಸಿಗದವರನ್ನು ಫೋನಿನಲ್ಲಾದರೂ. ಬೇರೆ ದಾರಿಯಿಂದ ಹುಡುಕಿದ ಐದಾರು ಹೊಸಬರನ್ನು ಸೇರಿಸಿ. ಗೈಡಿಗಾಗಿ, ಮತ್ತು ನಿಮಗೂ ಒಳ್ಳೆಯದೇ, ಒಂದು ವಾರ್ಡಿನ ಒಂದು ಬದಿಯ ಮನೆಗಳನ್ನೆಲ್ಲ ಬಿಡದೆ ಹತ್ತಿ ಒಂದೇ ಪುಟದ ಸಣ್ಣ ಪಟ್ಟಿ ಮಾಡಿ: ಮನೆಯಲ್ಲಿ ಬೀಡಿ ಇದೆಯಾ, ಮೊದಲು ಇತ್ತಾ, ಹೆಣ್ಣುಮಕ್ಕಳು ಈಗ ಏನು ಮಾಡುತ್ತಾರೆ. ಅಷ್ಟೇ, ತೃಪ್ತಿ ಗಿಪ್ತಿ ಬೇಡ. ಇದರಿಂದ ಜಿಲ್ಲೆಯ ಬಗ್ಗೆ ಏನೂ ಹೇಳಲಾಗದು, ಆದರೆ ನೀವು ಮಾತಾಡಿಸಿದವರು ಆ ಜಾಗದ ಎಂಥ ಮನೆಗಳಿಂದ ಬಂದವರು, ಯಾರು ನಿಮ್ಮ ಕೈಗೆ ಸಿಗದೆ ಬಿಟ್ಟುಹೋದರು ಅಂತ ತೋರಿಸಲು ಸಾಕು. ಇದರ ಅಪಾಯ ಅಂದರೆ ಸಮಯ. ಬರೆದು ಇಳಿಸುವ ಕೆಲಸಕ್ಕೇ ಒಂದು ತಿಂಗಳು ಹೋಗುತ್ತದೆ, ಹಾಗಾಗಿ ಆರು ವಾರ ಕಳೆದ ಮೇಲೆ ಹೊಸ ಸಂದರ್ಶನ ಮಾಡಬೇಡಿ, ಎಷ್ಟೇ ಆಸೆ ಆದರೂ.

ಗೈಡ್ ಒಪ್ಪದೆ ನೂರೇ ಬೇಕು ಅಂದರೆ ವಾದ ಬೆಳೆಸಬೇಡಿ, ಆ ಒಂದು ಪುಟದ ಪಟ್ಟಿಯನ್ನೇ ನೂರು ಮನೆಗೆ ವಿಸ್ತರಿಸಿ, ಸಂದರ್ಶನ ಕಮ್ಮಿ ಮಾಡಿಕೊಳ್ಳಿ. ಆದರೆ ಅವರ ಹತ್ತಿರ ಹೋಗುವ ಮೊದಲು ಬ್ರಾಂಚಿನ ಪ್ರಶ್ನೆಗಳಿಂದ ಶುರು ಮಾಡಿದ ಒಂದೇ ಒಂದು ಹೊಸ ಸಂದರ್ಶನವನ್ನು ಬರೆದುಕೊಂಡು ಹೋಗಿ, ಹಳೆಯ ಒಂಬತ್ತರಲ್ಲಿ ಯಾವುದಾದರೂ ಒಂದರ ಪಕ್ಕ ಅವರ ಮೇಜಿನ ಮೇಲೆ ಇಡಿ. ಅವರು ಓದಲಿ, ಆಮೇಲೆ ಸಂಖ್ಯೆಯ ಮಾತು ಎತ್ತಿ.